ಗಣಪನ ವಾಹನ, ನಮ್ಮ ವಾಹನ

ನಮ್ಮ ಬಂಧುಬಳಗದಲ್ಲಿ ಕಾರು ಮಾಡುವವರು ಬಹಳ ಜನ. ಬೆಂಗಳೂರಿನ ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ, ಕೋಸಂಬರಿ ಬಡಿಸಿ ಮುಗಿಯುವಷ್ಟರಲ್ಲಿ ಅಕ್ಕಪಕ್ಕ ಅಂಥ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ವಿಶೇಷವೆಂದರೆ ಇವರಲ್ಲಿ ಒಬ್ಬರೂ ಕಾರು ಮಾಡಿಲ್ಲ. ನನ್ನ ಭಾವಮೈದುನ ಮಳೆಹನಿ ಬಿದ್ದೊಡನೆ ವೈಪರ್ ತಾನೇ ಏಳುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾನೆ. ಅಕ್ಕನ ಮಗಳು ಈಗ ಎಲ್ಲಿದ್ದಾಳೆ ಎಂದು ಕೇಳಿದರೆ "ಬಾಗಿಲಲ್ಲಿದ್ದಾಳೆ" ಎನ್ನುತ್ತಾರೆ. ಕತ್ತು ಹೊರಳಿಸಿ ಛತ್ರದ ಬಾಗಿಲು ನೋಡಬೇಡಿ, ಅವಳಿರುವುದು ಒಂದು ಜರ್ಮನ್ ಕಾರಿನ ಹಿಂಬಾಗಿಲಿನ ಕಂಟ್ರೋಲ್ ವಿಭಾಗದಲ್ಲಿ. ಇನ್ನೊಬ್ಬ ದೂರದ ಸಂಬಂಧಿ ಸೀಟ್‌ಬೆಲ್ಟ್ ಹಾಕದಿದ್ದರೆ ಹೊಡೆದುಕೊಳ್ಳುವ ಗಂಟೆಯ ತಜ್ಞ. ಗಂಟೆ ಯಾವ ವೇಗಕ್ಕೆ ಶುರುವಾಗಬೇಕು, ಎಷ್ಟು ಹೊತ್ತಿಗೆ ಸ್ವರ ಏರಿಸಬೇಕು, ಸೀಟಿನ ಮೇಲೆ ಕೂತದ್ದು ಮನುಷ್ಯನೋ ತರಕಾರಿ ಚೀಲವೋ ಎಂಬ ವಿಚಾರದಲ್ಲಿ ಅವನನ್ನು ಮೀರಿಸುವವರಿಲ್ಲ. ಒಳ್ಳೆಯ ಸಂಬಳ. ಹೆಣ್ಣು ಕೊಡುವವರು ಮಾತ್ರ "ಹುಡುಗ ಏನು ಮಾಡ್ತಾನೆ?" ಎಂದಾಗ ಮನೆಯವರು ಸುಮ್ಮನೆ "ಕಾರು" ಎಂದುಬಿಡುತ್ತಾರೆ.

ಹೋದ ಮಳೆಗಾಲದಲ್ಲಿ ನಮ್ಮ ಕಾರಿನ ಬಾನೆಟ್ಟಿನೊಳಗೆ ಇಲಿ ಸೇರಿಕೊಂಡಿತು. "ಗಣಪನ ವಾಹನ ನಮ್ಮ ವಾಹನ ತಿಂತು" ಎಂದು ನನ್ನ ಹೆಂಡತಿ ಫೋನಿನಲ್ಲಿ ಊರಿಗೆಲ್ಲ ಹೇಳಿಕೊಂಡು ನಕ್ಕಳು. ತಿಂದದ್ದು ಹೆಚ್ಚೇನಲ್ಲ. ಮುಂದಿನ ಎಡಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಅಳೆಯುವ ಸೆನ್ಸರಿನ ತಂತಿ ಒಂದು ಕಡೆ ತುಂಡಾಗಿತ್ತು. ಕಪ್ಪು ಹೊದಿಕೆಯ ಮೇಲೆ ಪುಟ್ಟ ಹಲ್ಲಿನ ಸಾಲು, ಒಳಗೆ ತಾಮ್ರದ ಎಳೆಗಳು ಮಿಣಮಿಣ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಮೂರು ದೀಪ ಒಟ್ಟಿಗೇ ಹೊತ್ತಿಕೊಂಡವು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಕೈಕೊಟ್ಟಿದೆ ಎಂದಿತು ಒಂದು. ಕಾರು ಜಾರದಂತೆ ಹಿಡಿಯುವ ವ್ಯವಸ್ಥೆ ಇಲ್ಲ ಎಂದಿತು ಇನ್ನೊಂದು. ದಿಬ್ಬದಲ್ಲಿ ನಿಂತಾಗ ಹಿಂದಕ್ಕೆ ಸರಿಯದಂತೆ ತಡೆಯುವುದು ನನ್ನಿಂದಾಗದು ಎಂದಿತು ಮೂರನೆಯದು. ಈ ಮೂರೂ ಬದುಕುವುದು ಆ ಒಂದು ಚಕ್ರದ ಲೆಕ್ಕವನ್ನು ನಂಬಿಕೊಂಡು. ಇಲಿಗೆ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮನೆತುಂಬ ಕಾರು ಮಾಡುವವರಿದ್ದಾರಲ್ಲ ಎಂಬ ಧೈರ್ಯದಿಂದ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಫೋಟೋ ಹಾಕಿದೆ. ವೈಪರಿನವನು, "ಭಾವ, ಇದು ಚಾಸಿ ಡೊಮೈನು, ನಮ್ದು ಬಾಡಿ" ಎಂದ. ಬಾಗಿಲಿನವಳು ಕೈಮುಗಿಯುವ ಚಿತ್ರ ಕಳಿಸಿದಳು. ಗಂಟೆಯವನು ಮಾತ್ರ ನಿಜವಾದ ಕಳಕಳಿಯಿಂದ, "ನಮ್ಮ ಬೆಲ್ಲು ಸರಿಯಾಗಿ ಹೊಡೀತಿದೆಯಾ?" ಎಂದು ವಿಚಾರಿಸಿದ. ಹೊಡೆಯುತ್ತಿತ್ತು, ಬಹಳ ಚೆನ್ನಾಗಿ ಹೊಡೆಯುತ್ತಿತ್ತು.

ಸರ್ವಿಸ್ ಸೆಂಟರಿನಲ್ಲಿ ಅಂಗಿಯ ಮೇಲೆ ಒಂದು ಚುಕ್ಕೆ ಗ್ರೀಸೂ ಇಲ್ಲದ ಹುಡುಗನೊಬ್ಬ ಟ್ಯಾಬ್ ಹಿಡಿದು ಬಂದ. "ಸ್ಕ್ಯಾನರ್ ಹಾಕ್ಬೇಕು ಸಾರ್." ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದ, ಒಂದು ಅಕ್ಷರ, ನಾಲ್ಕು ಅಂಕಿಯ ಕೋಡ್ ಬಂತು. ಬಗ್ಗಿ ನೋಡಿದ, ತುಂಡು ತಂತಿ ಕಣ್ಣೆದುರೇ ಇತ್ತು. "ವೈರಿಂಗ್ ಹಾರ್ನೆಸ್ ಫುಲ್ ಚೇಂಜ್ ಸಾರ್." ಬೆಲೆ ಕೇಳಿದೆ. ನನ್ನ ಮೊದಲ ಸ್ಕೂಟರನ್ನು ಅದಕ್ಕಿಂತ ಕಡಿಮೆಗೆ ಕೊಂಡಿದ್ದೆ. ಎರಡು ತುದಿ ಸೇರಿಸಿ ಬೆಸುಗೆ ಹಾಕಿದರೆ ಆಗದೇ ಎಂದೆ. "ಆಗುತ್ತೆ ಸಾರ್. ಆದ್ರೆ ಜಾಯಿಂಟ್ ಮಾಡೋಕೆ ನಮ್ಗೆ ಪರ್ಮಿಷನ್ ಇಲ್ಲ." ಹಾಗೆನ್ನುವಾಗ ಅವನು ಆ ತಂತಿಯ ಕಡೆಗೆ ನೋಡಿದ ನೋಟ, ಉಪವಾಸದ ದಿನ ಒಬ್ಬಟ್ಟಿನ ಕಡೆ ಹೋಗುವಂಥದ್ದು. ಕೆಲಸ ಬರುತ್ತದೆ, ಕೈಗೆ ಕಟ್ಟು. ಕೊನೆಗೆ ಹಾರ್ನೆಸ್ ಬದಲಾಯಿತು, ಬಿಲ್ಲೂ ಆಯಿತು. ಹೊರಡುವಾಗ ಆ ಹುಡುಗ ಕಿಟಕಿಯ ಬಳಿ ಬಗ್ಗಿ ಮೆಲ್ಲಗೆ, "ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿ ಸಾರ್, ಇಲಿ ಬರಲ್ಲ. ಇದಕ್ಕೆ ಕಂಪನಿ ಪರ್ಮಿಷನ್ ಬೇಡ" ಎಂದ.

ಅವನನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಬ್ರೇಕಿಗೆ ಸಂಬಂಧಿಸಿದ ತಂತಿಯನ್ನು ಯಾರೋ ಬೆಸೆದು, ನಾಳೆ ಶಿರಾಡಿ ಘಾಟಿಯ ಮಳೆಯಲ್ಲಿ ಅದು ಬಿಟ್ಟುಕೊಂಡರೆ ಹೊಣೆ ಯಾರದು? ಹೊಣೆ ಹೊರಲು ಯಾರೂ ಇಲ್ಲದ ಕಡೆ "ಫುಲ್ ಚೇಂಜ್" ಎಂಬುದೇ ಅತ್ಯಂತ ಪ್ರಾಮಾಣಿಕ ಉತ್ತರ. ಹಿಂದೆ ಕಾರು ಕೆಟ್ಟರೆ ವಿದ್ಯೆ ಇದ್ದವನನ್ನು ಹುಡುಕುತ್ತಿದ್ದೆವು. ಈಗ ಅಪ್ಪಣೆ ಇದ್ದವನನ್ನು ಹುಡುಕಬೇಕು. ಕಾರಿನ ಉದ್ಯಮದ ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿನವರೆಗೆ ಇದೇ ಕಥೆ ಎಂದು ನನಗೆ ಅನ್ನಿಸುತ್ತದೆ.

ವಿದ್ಯೆ ಇದ್ದವರೆಂದರೆ ನಮ್ಮ ಜೆ.ಸಿ. ರಸ್ತೆಯ ಕಡೆಯ ಉಸ್ತಾದರು. ಅಪ್ಪನ ಪದ್ಮಿನಿ ಕಾರಿಗೆ ಅವರೇ ವೈದ್ಯರು. ನಮ್ಮ ಮನೆಯಲ್ಲಿ ಅದನ್ನು ಕೊನೆಯವರೆಗೂ ಫಿಯಟ್ ಎಂದೇ ಕರೆದೆವು. ಉಸ್ತಾದರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಟ್ಯಾಪೆಟ್ಟು" ಎನ್ನುತ್ತಿದ್ದರು, ಅಥವಾ "ಕಾರ್ಬೊರೇಟರ್‌ನಲ್ಲಿ ಕಚ್ರಾ". ಪಾಯಿಂಟ್ ಸೆಟ್ ಮಾಡಲು ಫೀಲರ್ ಗೇಜ್ ಕೈಗೆ ಸಿಗದಿದ್ದರೆ ಬೆಂಕಿಪೊಟ್ಟಣದ ರಟ್ಟು ಸಾಕಾಗುತ್ತಿತ್ತು. ಇಡೀ ಕಾರು ಅವರ ತಲೆಯೊಳಗಿತ್ತು. ಅಂದಮಾತ್ರಕ್ಕೆ ಆ ಕಾಲ ಸ್ವರ್ಗವಾಗಿರಲಿಲ್ಲ. ಆ ಕಾರು ಉಸ್ತಾದರ ತಲೆಯಲ್ಲಿದ್ದಷ್ಟೇ ಹೊತ್ತು ಅವರ ಗ್ಯಾರೇಜಿನಲ್ಲೂ ಇರುತ್ತಿತ್ತು. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು, ತಳ್ಳಿ, ಮತ್ತೆ ತಳ್ಳಿ, ನಾವು ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಬೆಳೆದೆವು.

ಕಾರಿಗೆ ಕಂಪ್ಯೂಟರ್ ಬಂದದ್ದು ಯಾರ ಷೋಕಿಗೂ ಅಲ್ಲ, ಹೊಗೆಯ ದೆಸೆಯಿಂದ. 1970ರಲ್ಲಿ ಅಮೆರಿಕ ತನ್ನ ಗಾಳಿಯ ಕಾನೂನನ್ನು ಬಿಗಿಮಾಡಿತು. ಪೆಟ್ರೋಲನ್ನು ಅಂದಾಜಿನಲ್ಲಿ ಸುರಿಯುವ ಕಾರ್ಬೊರೇಟರ್ ಆ ಲೆಕ್ಕಕ್ಕೆ ಸಾಲದಾಯಿತು. 1977ರ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನಲ್ಲಿ ಕಿಡಿ ಹಾರುವ ಹೊತ್ತನ್ನು ಪುಟ್ಟ ಕಂಪ್ಯೂಟರೊಂದು ನಿರ್ಧರಿಸಿತು. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸಿಗೆ ಬಂತು. ಮರುವರ್ಷ ಅದೇ ಬಾಷ್‌ನ ಮೋಟ್ರಾನಿಕ್, ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ನೋಡಿಕೊಳ್ಳುವುದು, ಬಿಎಂಡಬ್ಲ್ಯು ಕಾರಿಗೆ ಬಂತು. ನಮ್ಮ ಮಾರುತಿ 800 ಸುಮಾರು 2000ದವರೆಗೆ ಕಾರ್ಬೊರೇಟರಿನಲ್ಲೇ ಓಡಿ, ಯೂರೋ ಹೊಗೆ ನಿಯಮ ಬಂದಾಗ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆಗೆ ಬದಲಾಗಿ, ಹಿಂಭಾಗಕ್ಕೆ ಎಂಪಿಎಫ್‌ಐ ಎಂಬ ಬಿರುದು ಅಂಟಿಸಿಕೊಂಡಿತು. ಅದರ ವಿಸ್ತಾರ ಗೊತ್ತಿಲ್ಲದವರೂ ಆ ಅಕ್ಷರಗಳನ್ನು ಗೌರವದಿಂದ ಉಚ್ಚರಿಸುತ್ತಿದ್ದರು. ಉಸ್ತಾದರು ಮಾತ್ರ ಬಾನೆಟ್ ಎತ್ತಿ ನೋಡಿ, ಮುಚ್ಚಿ, "ಇದರಲ್ಲಿ ತಿರುಗಿಸೋ ಸ್ಕ್ರೂ ಎಲ್ಲಿದೆ?" ಎಂದರು.

ಆಮೇಲೆ ಶುರುವಾಯಿತು ನೋಡಿ. ಹೊಸ ಸವಲತ್ತು ಬೇಕೇ? ಅದಕ್ಕೊಂದು ಪೆಟ್ಟಿಗೆ, ಆ ಪೆಟ್ಟಿಗೆಗೊಂದು ಕಂತೆ ತಂತಿ. ಏರ್‌ಬ್ಯಾಗಿಗೊಂದು, ಕಿಟಕಿಗೊಂದು, ಸೀಟಿಗೊಂದು, ಸೀಟು ಯಜಮಾನರಿಗೆ ಎಷ್ಟು ಹಿಂದಕ್ಕೆ, ಯಜಮಾನಿತಿಗೆ ಎಷ್ಟು ಮುಂದಕ್ಕೆ ಎಂದು ನೆನಪಿಡಲು ಇನ್ನೊಂದು. ದುಬಾರಿ ಕಾರುಗಳಲ್ಲಿ ಇಂಥ ಪೆಟ್ಟಿಗೆಗಳು ನೂರು ದಾಟಿದವು. ಪ್ರತಿಯೊಂದೂ ಮತ್ತೊಂದರ ಜೊತೆ ಮಾತಾಡಬೇಕೆಂದರೆ ಅಷ್ಟಕ್ಕೂ ತಂತಿ ಎಳೆದು ಮುಗಿಯುವಂತಿರಲಿಲ್ಲ. ಹಾಗಾಗಿ ಬಾಷ್ ಎಂಬತ್ತರ ದಶಕದಲ್ಲಿ ಕ್ಯಾನ್ ಬಸ್ ಎಂಬುದೊಂದನ್ನು ಹೂಡಿತು. 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಅದನ್ನು ಜಗತ್ತಿಗೆ ತೋರಿಸಿತು. 1991ರ ಎಸ್-ಕ್ಲಾಸಿನಲ್ಲಿ ಅದು ರಸ್ತೆಗಿಳಿಯಿತು.

ಅದು ನಡೆಯುವ ರೀತಿ ನನ್ನ ಅಜ್ಜಿಮನೆಯ ನಡುಮನೆಯ ರೀತಿಯೇ. ಎಲ್ಲರೂ ಮಾತಾಡುವುದು ಒಂದೇ ಜಾಗದಲ್ಲಿ. ಆಡಿದ್ದು ಎಲ್ಲರ ಕಿವಿಗೂ ಬೀಳುತ್ತದೆ. ಯಾರಿಗೆ ಬೇಕೋ ಅವರು ತೆಗೆದುಕೊಳ್ಳುತ್ತಾರೆ, ಉಳಿದವರು ಎಲೆಯಡಿಕೆ ಮುಂದುವರಿಸುತ್ತಾರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಕಿರಿಯರು ಅರ್ಧಕ್ಕೇ ನಿಲ್ಲಿಸಬೇಕು, ಹಿರಿಯರ ಮಾತಿಗೆ ಒಂದಕ್ಷರವೂ ಚ್ಯುತಿಯಿಲ್ಲ. ಕ್ಯಾನ್ ಬಸ್ಸಿನಲ್ಲಿ ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಹಿರಿತನ ಹೆಚ್ಚು. ಬ್ರೇಕು ಬಾಯಿಬಿಟ್ಟರೆ ಕಿಟಕಿ ತೆಪ್ಪಗಾಗುತ್ತದೆ. ಎಂಥ ಅಚ್ಚುಕಟ್ಟು! ತಂತಿ ಉಳಿಯಿತು. ಹೀಗೆ ಜಾಗ ಸಿಕ್ಕಿತಲ್ಲ ಎಂದು ಇನ್ನಷ್ಟು ಪೆಟ್ಟಿಗೆಗಳು ಬಂದು ಕೂತವು. ಕೊನೆಗೆ ಒಂದು ಕಾರಿನೊಳಗೆ ಒಂದಲ್ಲ, ನಾಲ್ಕಾರು ನಡುಮನೆಗಳು.

ನಡುಮನೆಯ ದೋಷವೂ ಇದಕ್ಕೆ ಬಂತು. ಮಾತಾಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ, ಒಳಗಿದ್ದಾರೆಂದರೆ ಮನೆಯವರೇ. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ಇಬ್ಬರು ಸಂಶೋಧಕರು ಮನೆಯಲ್ಲಿ ಸೋಫಾದ ಮೇಲೆ ಕೂತು, ಸೇಂಟ್ ಲೂಯಿಸ್ ಬಳಿ ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯೊಳಕ್ಕೆ ಇಂಟರ್‌ನೆಟ್ ಮೂಲಕ ನುಗ್ಗಿದರು. ದಾರಿಯಾಗಿದ್ದು ಹಾಡು ಕೇಳುವ, ನಕ್ಷೆ ತೋರಿಸುವ ಪೆಟ್ಟಿಗೆ. ಅಲ್ಲಿಂದ ಒಳಮನೆಗೆ ಬಂದು ಹಿರಿಯರ ದನಿಯಲ್ಲಿ ಮಾತಾಡಿದರು. ವೈಪರ್ ಆಡಿತು, ರೇಡಿಯೊ ಅರಚಿತು, ಇಂಜಿನ್ನು ಚಕ್ರಕ್ಕೆ ಬಲ ಕೊಡುವುದನ್ನು ಬಿಟ್ಟಿತು. ಒಳಗಿದ್ದ ಪತ್ರಕರ್ತ ಮೊದಲೇ ಒಪ್ಪಿಕೊಂಡು ಕೂತಿದ್ದವನು, ಆದರೂ ಬೆವೆತ. ಫಿಯಟ್ ಕ್ರೈಸ್ಲರ್ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು.

ಬಾಷ್ ಎಂದರೆ ನಮ್ಮೂರಿನವರಿಗೆ ಮೈಕೋ. 1951ರಲ್ಲಿ ಶುರುವಾದ ಆ ಕಂಪನಿಯ ಆಡುಗೋಡಿ ಕಾರ್ಖಾನೆಯಲ್ಲಿ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗು ತಯಾರಾಗುತ್ತಿದ್ದವು. ಮೈಕೋದಲ್ಲಿ ಕೆಲಸ ಎಂದರೆ ಮನೆ ಬಾಡಿಗೆಗೆ ಕೊಡುವವರು ಅಡ್ವಾನ್ಸ್ ಕಡಿಮೆ ಮಾಡುತ್ತಿದ್ದರು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು. ಆಮೇಲೆ ಕಾರ್ಖಾನೆ ಬಿಡದಿಗೆ ಹೋಯಿತು. ಆಡುಗೋಡಿಯ ಜಾಗದಲ್ಲಿ ಈಗ ಕಂಪ್ಯೂಟರ್ ಮುಂದೆ ಕೂರುವವರ ಕಚೇರಿ. ಮೈಕೋ ಎಂಬುದು ಬಡಾವಣೆಯ ಹೆಸರಾಗಿ ಉಳಿಯಿತು. ಪಂಪಿಗೆ ಎಣ್ಣೆ ಹಾಕಿದ ಅಪ್ಪನ ಮಗ ಅದೇ ರಸ್ತೆಯಲ್ಲಿ ಪಂಪಿಗೆ ಬುದ್ಧಿ ಹೇಳುವ ಪ್ರೋಗ್ರಾಂ ಬರೆಯುತ್ತಾನೆ. ಮರ್ಸಿಡಿಸ್ 1996ರಲ್ಲೇ ಇಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ನನ್ನ ಬಂಧುಗಳೆಲ್ಲ ಬಾಗಿಲಲ್ಲೂ ಗಂಟೆಯಲ್ಲೂ ನೆಲೆ ನಿಂತಿರುವುದು ಹೀಗೆ.

ಈಗ ಮೇಲಿನ ಮೆಟ್ಟಿಲಿಗೆ ಬರುತ್ತೇನೆ. ಫೋರ್ಡ್ ಕಂಪನಿಯ ಮುಖ್ಯಸ್ಥ ಜಿಮ್ ಫಾರ್ಲಿ 2023ರಲ್ಲಿ ಒಂದು ಸಂದರ್ಶನದಲ್ಲಿ ಮನಸ್ಸು ಬಿಚ್ಚಿ ಮಾತಾಡಿದರು. ಕಾರಿಗೆ 500 ಡಾಲರ್ ಉಳಿಸಲು ಈ ಪೆಟ್ಟಿಗೆಗಳನ್ನೆಲ್ಲ ಹೊರಗಿನವರಿಂದ ಮಾಡಿಸಿಕೊಂಡೆವು. ಸುಮಾರು 150 ಪೆಟ್ಟಿಗೆ, ಅವುಗಳ ಸಾಫ್ಟ್‌ವೇರ್ ಬರೆದದ್ದು 150 ಬೇರೆ ಬೇರೆ ಕಂಪನಿಗಳು, ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಕಾರಿನ ಮೂತಿಯ ಮೇಲೆ ಫೋರ್ಡ್ ಎಂದಿದ್ದರೂ ಸೀಟಿನ ಸಾಫ್ಟ್‌ವೇರ್ ತಿದ್ದಲು ನಾನು ಬಾಷ್‌ನವರ ಅಪ್ಪಣೆ ಕೇಳಬೇಕು ಎಂಬುದು ಅವರ ಮಾತಿನ ಸಾರ. ಓದಿ ನನಗೆ ಆ ಸರ್ವಿಸ್ ಸೆಂಟರಿನ ಹುಡುಗ ನೆನಪಾದ. ಜಗತ್ತಿನ ಹಳೆಯ ಕಾರು ಕಂಪನಿಗಳಲ್ಲೊಂದರ ಯಜಮಾನನಿಗೂ ಅವನಿಗೂ ಒಂದೇ ಸಂಕಟ.

ಫೋಕ್ಸ್‌ವ್ಯಾಗನ್ ಈ ಸಂಕಟಕ್ಕೆ ಸ್ವಾವಲಂಬನೆಯ ಮದ್ದು ಹುಡುಕಿತು. ಸಾಫ್ಟ್‌ವೇರ್ ನಾವೇ ಬರೆಯುತ್ತೇವೆಂದು 2020ರಲ್ಲಿ ಬೇರೆ ಸಂಸ್ಥೆಯನ್ನೇ ಕಟ್ಟಿತು. ಆಮೇಲೆ ಅದಕ್ಕೆ ಕ್ಯಾರಿಯಾಡ್ ಎಂದು ಹೆಸರಿಟ್ಟರು. ಸಾವಿರಾರು ಎಂಜಿನಿಯರುಗಳು ಸೇರಿದರು. ಅದೇ ಕೂಡುಕುಟುಂಬದ ಆಡಿಯವರಿಗೆ ಒಂದು ಬೇಕು, ಪೋರ್ಷೆಯವರಿಗೆ ಇನ್ನೊಂದು, ಮೂಲ ಮನೆಯವರಿಗೆ ಮತ್ತೊಂದು. ಎಲೆಕ್ಟ್ರಿಕ್ ಪೋರ್ಷೆ ಮಕಾನ್ ಸಿದ್ಧವಾಗಿಯೂ ಸಾಫ್ಟ್‌ವೇರಿಗಾಗಿ ಕಾದು ಕೂತಿತು. 2022ರಲ್ಲಿ ಮುಖ್ಯಸ್ಥ ಹರ್ಬರ್ಟ್ ಡೀಸ್ ಹುದ್ದೆ ಬಿಟ್ಟರು. ಸಾಫ್ಟ್‌ವೇರಿನ ಈ ತಾಪತ್ರಯ ಅದಕ್ಕೊಂದು ಕಾರಣ. ಕಬ್ಬಿಣ ಬಗ್ಗಿಸುವವರಿಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ ಎಂದು ಸಿಲಿಕಾನ್ ವ್ಯಾಲಿಯವರು ಆಡಿಕೊಂಡದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬರೆಯಲು ಬರುತ್ತಿತ್ತು. "ಇದು ಬೇಡ" ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ, ಅಷ್ಟೆ. ಮದುವೆಮನೆಯಲ್ಲಿ ಅಡುಗೆ ಎಷ್ಟು ಬಗೆ ಎಂದು ನಾಲ್ಕು ಮಂದಿ ಬೀಗರನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನನ್ನ ಹಾರ್ನೆಸ್ಸಿನ ಬೆಲೆ ನೋಡಿ ಕೋಪ ಬಂದಿದ್ದರಿಂದ ಅದನ್ನು ಹೇಗೆ ಮಾಡುತ್ತಾರೆಂದು ತಿಳಿದುಕೊಳ್ಳಲು ಹೊರಟೆ, ಕೋಪ ಇಳಿಯಿತು. ರೋಬೋಟುಗಳೇ ಬೆಸುಗೆ ಹಾಕಿ, ಬಣ್ಣ ಬಳಿದು, ಗಾಜು ಕೂರಿಸುವ ಉದ್ಯಮದಲ್ಲಿ ಈ ಒಂದು ಕೆಲಸ ಇನ್ನೂ ಹೆಚ್ಚಾಗಿ ಕೈಯಲ್ಲೇ ನಡೆಯುತ್ತದೆ. ಉದ್ದನೆಯ ಹಲಗೆ, ಅದರ ಮೇಲೆ ತಂತಿ ಹಾಯಬೇಕಾದ ದಾರಿಯ ನಕ್ಷೆ, ತಿರುವು ತಿರುವಿಗೂ ಗೂಟ. ಹಲಗೆಯ ಮುಂದೆ ನಿಂತವರು, ಹೆಚ್ಚಿನವರು ಹೆಂಗಸರು, ಒಂದೊಂದೇ ತಂತಿಯನ್ನು ಗೂಟದಿಂದ ಗೂಟಕ್ಕೆ ಎಳೆದು, ತುದಿಯನ್ನು ಕನೆಕ್ಟರಿಗೆ ಟಕ್ಕೆಂದು ಕೂರಿಸಿ, ಕಪ್ಪು ಟೇಪು ಸುತ್ತುತ್ತಾ ಹೋಗುತ್ತಾರೆ. ಬಳುಕುವ ವಸ್ತುವನ್ನು ಹಿಡಿಯುವುದು ರೋಬೋಟಿಗೆ ಇನ್ನೂ ಸರಿಯಾಗಿ ಬಂದಿಲ್ಲ. ಮೇಲಾಗಿ ಗ್ರಾಹಕ ಸನ್‌ರೂಫ್ ಬೇಕೆಂದರೆ ಒಂದು ಬಗೆ, ಬೇಡವೆಂದರೆ ಇನ್ನೊಂದು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ಯುದ್ಧ ಬಿದ್ದಾಗ ಪಶ್ಚಿಮ ಉಕ್ರೇನಿನಲ್ಲಿದ್ದ ಲಿಯೋನಿ ಕಂಪನಿಯ ಹಾರ್ನೆಸ್ ಕಾರ್ಖಾನೆಗಳಲ್ಲಿ ಕೆಲಸ ನಿಂತಿತು. ಅದರ ಹಿಂದೆಯೇ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್, ಪೋರ್ಷೆ, ಬಿಎಂಡಬ್ಲ್ಯು ಕಾರ್ಖಾನೆಗಳು ಕೈಕಟ್ಟಿ ಕೂತವು. ಹಾರ್ನೆಸ್ಸನ್ನು ಆಮೇಲೆ ಜೋಡಿಸಿಕೊಳ್ಳೋಣ ಎನ್ನುವಂತಿಲ್ಲ; ಕಾರಿನ ಹೊಟ್ಟೆಗೆ ಮೊದಲು ಇಳಿಯುವುದರಲ್ಲಿ ಅದೂ ಒಂದು.

ಹಾರ್ನೆಸ್ಸಿನ ಹಾಗೆಯೇ ಕೈಕೊಟ್ಟ ಕಂಪ್ಯೂಟರ್ ಚಿಪ್ಪಿನ ಬರಗಾಲದ ಕಥೆ ಎಲ್ಲರಿಗೂ ಗೊತ್ತು, ಬೆಳೆಸುವುದಿಲ್ಲ. 2022ರ ಅಕ್ಟೋಬರಿನಲ್ಲಿ ಟೊಯೋಟಾ, ಚಿಪ್ಪು ಸಾಲದೆ, ಜಪಾನಿನ ಗ್ರಾಹಕರಿಗೆ, ಸದ್ಯಕ್ಕೆ ಒಂದು ಸ್ಮಾರ್ಟ್ ಕೀ ಮಾತ್ರ ಕೊಡುತ್ತೇವೆ, ಇನ್ನೊಂದು ಹಳೆಯ ಕಾಲದ ಬೀಗದ ಕೈ ಎಂದು ತಿಳಿಸಿತು. ಸ್ಮಾರ್ಟ್ ಕೀ ಗಂಡನಿಗೋ ಹೆಂಡತಿಗೋ ಎಂಬುದನ್ನು ಕಂಪನಿ ಗ್ರಾಹಕರ ವಿವೇಚನೆಗೆ ಬಿಟ್ಟಿತು.

ಅಪ್ಪಣೆಯ ಮಾತಿಗೆ ಹಿಂತಿರುಗಿದರೆ, ಅದರ ಅತಿ ವಿಚಿತ್ರ ರೂಪ ಹೊಳೆದದ್ದು ನಮ್ಮ ಬೊಮ್ಮಸಂದ್ರದ ಕಡೆಯವರಿಗೇ. 2001ರಲ್ಲಿ ಬೆಂಗಳೂರಿನ ರಸ್ತೆಗೆ ಬಂದ ಪುಟಾಣಿ ಎಲೆಕ್ಟ್ರಿಕ್ ಕಾರು ರೇವಾ ನೆನಪಿದೆಯಷ್ಟೆ? ಲಂಡನ್ನಿನಲ್ಲಿ ಜಿ-ವಿಝ್ ಎಂಬ ಹೆಸರಿನಲ್ಲಿ ಓಡಾಡಿತು. ಬೊಮ್ಮಸಂದ್ರದ ಅದರ ಕಂಪನಿ 2009ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಒಂದು ಹೊಸ ಸೌಲಭ್ಯ ಪ್ರಕಟಿಸಿತು. ದಾರಿಯಲ್ಲಿ ಚಾರ್ಜ್ ಮುಗಿದರೆ ಕಂಪನಿಗೆ ಫೋನ್ ಮಾಡಿ. ಬ್ಯಾಟರಿಯಲ್ಲಿ ಮೊದಲೇ ಬಚ್ಚಿಟ್ಟ ಒಂದಷ್ಟು ವಿದ್ಯುತ್ತನ್ನು ಅಲ್ಲಿಂದಲೇ ಬಿಡುಗಡೆ ಮಾಡುತ್ತಾರೆ, ಮನೆ ಸೇರಬಹುದು. ಟೆಸ್ಲಾ 2018ರಲ್ಲಿ ತನ್ನ ಮಾಡೆಲ್ 3 ಕಾರುಗಳ ಬ್ರೇಕನ್ನು ಗಾಳಿಯಲ್ಲೇ ಸಾಫ್ಟ್‌ವೇರ್ ಕಳಿಸಿ ಸುಧಾರಿಸಿದಾಗ ಜಗತ್ತು ಬೆರಗಾಯಿತು; ನಮ್ಮವರು ಅಂಥ ದಾರಿಗೆ ಒಂಬತ್ತು ವರ್ಷ ಮೊದಲೇ ಕಾಲಿಟ್ಟಿದ್ದರು ಎಂದು ನನಗೆ ಒಳಗೊಳಗೇ ಹೆಮ್ಮೆ. ಹೆಮ್ಮೆಯ ಜೊತೆ ಸಣ್ಣ ಅನುಮಾನವೂ ಇದೆ. ದುಡ್ಡು ಕೊಟ್ಟು ಕೊಂಡ ಬ್ಯಾಟರಿಯ ಒಂದು ಮೂಲೆಯ ಬೀಗದ ಕೈ ಇನ್ನೊಬ್ಬರ ಬಳಿ ಇರುವುದೆಂದರೇನು? ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಕಾರಿನಲ್ಲಿ ಆಗಲೇ ಇರುವ ಸೀಟಿನ ಹೀಟರಿಗೆ ತಿಂಗಳ ಚಂದಾ ಕೇಳಿತು. ಜನ ಉಗಿದರು; ಮರುವರ್ಷ ಕೈಬಿಟ್ಟಿತು. ಬೆಂಗಳೂರಿನ ಏಪ್ರಿಲ್ಲಿನಲ್ಲಿ ಬೇಕಾದರೆ ಸೀಟು ಬಿಸಿಯಾಗದಿರುವುದಕ್ಕೆ ಚಂದಾ ಕೇಳಲಿ, ಕೊಟ್ಟೇವು.

ಒಳಗಿನ ಗೋಜಲು ಸಾಲದೆಂದು ಮೇಲೆ ಗಾಜು ಬೇರೆ ಬಂತು. ಗುಂಡಿಗಳೆಲ್ಲ ಹೋಗಿ ಒಂದು ದೊಡ್ಡ ಪರದೆ. ಇದರಿಂದ ಸೌಂದರ್ಯ ಹೆಚ್ಚಿತು ಎನ್ನುತ್ತಾರೆ, ಹೆಚ್ಚಿದ್ದು ಉಳಿತಾಯ. ಒಂದೊಂದು ಗುಂಡಿಗೂ ಅಚ್ಚು, ತಂತಿ, ಪರೀಕ್ಷೆ ಬೇಕು. ಪರದೆಯ ಮೇಲಿನ ಚಿತ್ರಕ್ಕೆ ಅದೇನೂ ಬೇಡ. ಸ್ವೀಡನ್ನಿನ ವಿ ಬಿಲೆಗಾರೆ ಎಂಬ ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ಸೀಟು ಬಿಸಿಮಾಡುವುದು, ರೇಡಿಯೊ ತಿರುಗಿಸುವುದು ಇತ್ಯಾದಿ ನಾಲ್ಕು ಕೆಲಸ ಮಾಡಬೇಕು. 2005ರ ಹಳೆಯ ವೋಲ್ವೊ, ತುಂಬ ಗುಂಡಿಗಳದ್ದು, ಹತ್ತು ಸೆಕೆಂಡಿನಲ್ಲಿ ಮುಗಿಸಿಕೊಟ್ಟಿತು. ಅಷ್ಟರಲ್ಲಿ ಸಾಗಿದ್ದು 306 ಮೀಟರ್. ಪರದೆಯನ್ನೇ ನಂಬಿದ ಎಂಜಿ ಮಾರ್ವೆಲ್ ಆರ್ ತೆಗೆದುಕೊಂಡದ್ದು 44.6 ಸೆಕೆಂಡು, ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ದೂರ.

ಪೆಟ್ಟಿಗೆ ಕಡಿಮೆ ಮಾಡುವುದೇ ಈಗಿನ ಹೊಸ ವಿದ್ಯೆ. ಕಾರಿನ ಒಂದೊಂದು ಮೂಲೆಗೆ ಒಂದು ಕಂಪ್ಯೂಟರ್, ಆ ಮೂಲೆಯ ಕೆಲಸವೆಲ್ಲ ಅದರದೇ. ಅಮೆರಿಕದ ರಿವಿಯನ್ 2024ರಲ್ಲಿ ತನ್ನ ವಾಹನದ 17 ಕಂಟ್ರೋಲ್ ಪೆಟ್ಟಿಗೆಗಳನ್ನು 7ಕ್ಕೆ ಇಳಿಸಿತು. ಎರಡೂವರೆ ಕಿಲೋಮೀಟರಿನಷ್ಟು ತಂತಿ ಉಳಿಯಿತು. ಅದೇ ವರ್ಷ ಫೋಕ್ಸ್‌ವ್ಯಾಗನ್, ಈ ವಿದ್ಯೆ ನಮಗೂ ಬೇಕೆಂದು, ಹಂತಹಂತವಾಗಿ 500 ಕೋಟಿ ಡಾಲರಿನವರೆಗೆ ಹೂಡಲು ಒಪ್ಪಿ ರಿವಿಯನ್ ಜೊತೆ ಕೈಜೋಡಿಸಿತು. ಇಷ್ಟು ದಿನ ಸೇರಿಸಿದ್ದಕ್ಕೆ ದುಡ್ಡು ಕೊಟ್ಟಾಗಿತ್ತು, ಇನ್ನು ತೆಗೆಯುವುದಕ್ಕೆ.

ಗುಂಡಿಗಳೂ ಹಿಂತಿರುಗುತ್ತಿವೆ. ಯುರೋಪಿನ ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಹಂಚುವ ಯುರೋ ಎನ್‌ಕ್ಯಾಪ್ ಸಂಸ್ಥೆ, 2026ರಿಂದ ಪೂರ್ತಿ ಅಂಕ ಬೇಕಾದರೆ ಇಂಡಿಕೇಟರ್, ಹಜಾರ್ಡ್ ದೀಪ, ವೈಪರ್, ತುರ್ತು ಕರೆ ಮತ್ತು ಹಾರನ್, ಇವಿಷ್ಟಕ್ಕೆ ಕೈಗೆ ಸಿಗುವ ನಿಜವಾದ ಗುಂಡಿಯೋ ಕಡ್ಡಿಯೋ ಇರಲೇಬೇಕು ಎಂದಿದೆ. ಹಾರನ್ನಿನ ಹೆಸರು ಆ ಪಟ್ಟಿಯಲ್ಲಿ ಯಾಕೆ ಬಂತೆಂದು ನಿಮಗೆ ಆಶ್ಚರ್ಯವಾದೀತು. 2021ರ ಟೆಸ್ಲಾ ಮಾಡೆಲ್ ಎಸ್ ಕಾರಿನ ಅರ್ಧ ಸ್ಟೀರಿಂಗಿನಲ್ಲಿ ಹಾರನ್ ಎಂಬುದು ನಡುವೆ ಗುದ್ದುವ ಜಾಗವಾಗಿರಲಿಲ್ಲ. ಬಲಗಡೆ ಬೆರಳು ತಾಗಿಸಬೇಕಾದ ಒಂದು ಪುಟ್ಟ ಚಿತ್ರವಾಗಿತ್ತು. ಕಂಪನಿ ಆಮೇಲೆ ಅದನ್ನು ನಡುವಿಗೇ ತಂದಿತು. ಆ ಚಿತ್ರ ಬರೆದ ಎಂಜಿನಿಯರನ್ನು ಒಂದು ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ಕರೆತಂದಿದ್ದರೆ, ದೀಪ ಹಸಿರಾಗುವ ಮೊದಲೇ, ಹಿಂದಿನವರೆಲ್ಲ ಸೇರಿ ಅವನಿಗೆ ವಿಷಯ ಮನವರಿಕೆ ಮಾಡಿಕೊಡುತ್ತಿದ್ದರು.